ಉಪ್ಪು ನೋಡುವವಳು

ಜನವರಿ 19, 2025. ಭಾನುವಾರ

ಇದು ನಮ್ಮ ಕಾಫಿ ಎಸ್ಟೇಟಿನ ಹಳೆಯ ಹಾಜರಿ ಪುಸ್ತಕ. ಹಿಂದಿನ ಅರ್ಧ ಖಾಲಿ ಇತ್ತು, ಕೇಳಿ ತಂದುಕೊಂಡೆ. ಇಪ್ಪತ್ತೆರಡು ವರ್ಷದಿಂದ ರೈಟರ್ ಕೆಲಸದಲ್ಲಿ ಲೈನಿನ ಆಳುಗಳೆಲ್ಲರ ಹಾಜರಿ ಬರೆದಿದ್ದೇನೆ. ಇನ್ನು ಸ್ವಲ್ಪ ದಿನ ನನ್ನ ಹಾಜರಿ ನಾನೇ ಬರೆದುಕೊಳ್ಳಬೇಕು. ಬರೆಯದಿದ್ದರೆ ಸಿಟ್ಟು ಬಾಯಿಂದ ಹೊರಡುತ್ತದೆ, ಮನೆಯಲ್ಲಿ ಕೇಳುವುದಕ್ಕೆ ಇರುವವರು ಇವರೊಬ್ಬರೇ.

ಬೆಳಿಗ್ಗೆ ಹೇಮಶ್ರೀ ತೈನಾನ್‌ನಿಂದ ಫೋನ್ ಮಾಡಿದ್ದಳು. ತೈವಾನಿನ ಆ ಊರಿಗೆ ಅವಳು ಹೋಗಿದ್ದು ಆರ್ಕಿಡ್ ಗಿಡಗಳ ಮೇಲೆ ಸಂಶೋಧನೆ ಮಾಡಲು. ಅಲ್ಲಿಯವನೇ ಆದ ವೇಲುನ್‌ನನ್ನು ಮೆಚ್ಚಿ ನಮ್ಮೂರಲ್ಲೇ ಮದುವೆಯಾಗಿ ಎರಡು ವರ್ಷ ದಾಟಿತು. ಮೇ ಮೊದಲ ವಾರ ಹೆರಿಗೆ. ಬಾಣಂತನಕ್ಕೆ ಏಪ್ರಿಲ್ ಕೊನೆಗೇ ಬರುತ್ತೇನೆ, ಟಿಕೆಟ್ ನೋಡು ಅಂದೆ.

"ಅಮ್ಮಾ, ನೀನು ಬರೋದು ಬ್ಯಾಡ. ಅತ್ತೆನೇ ನೋಡ್ಕೊಳ್ತಾರೆ. ಇಲ್ಲೂ ಒಂದು ತಿಂಗ್ಳು ಬಾಣಂತನ ಮಾಡೋ ಪದ್ಧತಿ ಐತೆ."

"ಹೆತ್ತೋಳು ನಾನಿರೋವಾಗ ಅವರ್ಯಾಕೆ ಮಾಡ್ಬೇಕು?"

"ಇಲ್ಲಿ ಎರಡು ತಿಂಗ್ಳು ಏನು ತಿಂತೀಯ ನೀನು? ಮದುವೆ ಮಾರನೇ ದಿನ ಅತ್ತೆ ಕೈಯಾರೆ ಮಾಡಿಕೊಟ್ಟಿದ್ದನ್ನ ಮುಟ್ಲೇ ಇಲ್ಲ. ನನ್ನ ವಿಮಾನ ಹತ್ತಿಸೋಕೆ ಚೆನ್ನೈಗೆ ಬಂದು ಮೂರು ದಿನ ಬರೀ ಬಾಳೆಹಣ್ಣು ತಿಂದು ತಲೆ ತಿರುಗಿ ಬಿದ್ದೆ. ಇಲ್ಲಿ ಬಾಣಂತಿ ನಾನಾ, ನೀನಾ?"

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಸಕಲೇಶಪುರದ ಬಸ್ ಸ್ಟ್ಯಾಂಡಿಗೆ ಹೋದರೂ ಡಬ್ಬಿಯಲ್ಲಿ ಅಕ್ಕಿರೊಟ್ಟಿ ಇರುತ್ತದೆ. ಜಾತಿ, ಮಡಿ ಅಂತ ಏನಿಲ್ಲ. ಬೇರೆಯವರ ಒಲೆಯ ಮೇಲೆ ಬೆಂದದ್ದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ಅಷ್ಟೇ. ಆದರೆ ಈ ಗಂಟಲಿನ ದೆಸೆಯಿಂದ ಮಗಳ ಬಾಣಂತನ ಬಿಟ್ಟುಕೊಡುವವಳು ನಾನಲ್ಲ. ನನ್ನ ಬಾಣಂತನದಲ್ಲಿ ನನ್ನಮ್ಮ ಇರಲಿಲ್ಲ. ಆ ಕಥೆ ಇವತ್ತು ಬರೆಯುವುದಿಲ್ಲ.

"ಊಟ ಕಲ್ತುಬುಟ್ರೆ ಬರಬೌದಾ?" ಅಂತ ಕೇಳಿದೆ.

ನಕ್ಕಳು. "ಕಲಿ ನೋಡಾನ."

ನಗಲಿ. ಐವತ್ತಾರು ವರ್ಷಕ್ಕೆ ಮೊಬೈಲು ಕಲಿತೆ, ಊಟ ಕಲಿಯಲಾರೆನೇ? ಇವರಿಗೆ ಹೇಳಿದರೆ, "ಕಲಿಯಾಕೆ ತೈವಾನಿಗ್ಯಾಕೆ ಹೋಗ್ಬೇಕು ಮಾರಾಯ್ತಿ, ನಮ್ಮ ಮಾರನಹಳ್ಳೀಲೇ ಐತಲ್ಲ" ಅಂದರು.

ಜನವರಿ 22. ಬುಧವಾರ

ಇವರು ಹೇಳಿದ ಹೆದ್ದಾರಿ ಪಕ್ಕದ ಆ ಹೋಟೆಲಿಗೂ ನಮ್ಮ ಎಸ್ಟೇಟ್ ಗೇಟಿಗೂ ಹತ್ತು ನಿಮಿಷದ ನಡಿಗೆ. ಐದು ವರ್ಷದಿಂದ ಅದರ ಮುಂದೆಯೇ ಓಡಾಡಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಸಕಲೇಶಪುರದ ಅಫ್ರೋಜ್ ಮತ್ತು ಅವನ ಹೆಂಡತಿ ಶಬ್ನಮ್ ನಡೆಸುತ್ತಾರೆ. ಇಬ್ಬರೂ ತಮಿಳುನಾಡಿನಲ್ಲಿ ತೈವಾನಿನವರ ಶೂ ಕಾರ್ಖಾನೆಯೊಂದರ ಗೆಸ್ಟ್‌ಹೌಸಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ, ಅಲ್ಲಿನ ಮುದುಕಿ ಅಡಿಗೆಯವಳಿಂದ ಕೈರುಚಿ ಕಲಿತು ಬಂದವರು. ಬೋರ್ಡಿನಲ್ಲಿ "ಶಬ್ನಮ್ ತೈವಾನ್ ಊಟದ ಮನೆ" ಎಂದಿದೆ. ಘಾಟಿ ಹತ್ತಿ ಬರುವ ಲಾರಿಯವರು ಬಾಯಿತುಂಬ "ತೈವಾನ್" ಎನ್ನುತ್ತಾರೆ. ಜೀಪು ಓಡಿಸುವ ಇವರಂತೂ ಅಲ್ಲಿಯ ಕಾಯಂ ಗಿರಾಕಿ, ನನಗೆ ಹೇಳಿರಲಿಲ್ಲ.

ಆರು ಮೇಜು, ಸ್ಟೀಲ್ ಲೋಟ, ಗೋಡೆಯ ಮೇಲೆ ಎಡಕುಮೇರಿ ಸುರಂಗದ ಚಿತ್ರವಿರುವ ಕ್ಯಾಲೆಂಡರ್. ಎಲ್ಲ ನಮ್ಮ ಹೋಟೆಲುಗಳ ಹಾಗೆಯೇ. ವಾಸನೆ ಮಾತ್ರ ಬೇರೆ.

ಶಬ್ನಮ್ ಲೂರೋಫಾನ್ ತಂದಿಟ್ಟಳು. ಬಿಸಿ ಅನ್ನ, ಅದರ ಮೇಲೆ ಕಪ್ಪು ಸೋಯಾ ರಸದಲ್ಲಿ ಎರಡು ಗಂಟೆ ಕುದಿಸಿದ ಮಾಂಸದ ಚೂರು, ಕರಿದ ಸಣ್ಣೀರುಳ್ಳಿ, ಅದೇ ರಸದಲ್ಲಿ ಬೆಂದು ಕಂದಾದ ಅರ್ಧ ಮೊಟ್ಟೆ. ಅಲ್ಲಿಯವರು ಹಂದಿ ಹಾಕುತ್ತಾರಂತೆ, ಇವಳು ಕೋಳಿ ಹಾಕುತ್ತಾಳೆ. ಒಂದು ತುತ್ತು ಬಾಯಿಗಿಟ್ಟೆ. ಚಕ್ರಮೊಗ್ಗಿನ ಸಿಹಿ ವಾಸನೆ ಮೂಗಿಗೆ ಹತ್ತಿತು. ಎದ್ದು ಹಿಂದುಗಡೆ ಹೋಗಿ ಉಗುಳಿ ಬಾಯಿ ಮುಕ್ಕಳಿಸಿದೆ. ವಾಪಸು ಬರುವಷ್ಟರಲ್ಲಿ ಇವರು ನನ್ನ ತಟ್ಟೆಯನ್ನೂ ಖಾಲಿ ಮಾಡಿದ್ದರು.

"ಒಂದೇ ತುತ್ತಿಗೆ ಸೋತ್ರಾ ಅಕ್ಕಾ?" ಅಂದಳು ಶಬ್ನಮ್.

ಸೋತಿಲ್ಲ. ಭಾನುವಾರ ಮತ್ತೆ ಹೋಗುತ್ತೇನೆ.

ಜನವರಿ 26. ಭಾನುವಾರ

ಎಸ್ಟೇಟಿನಲ್ಲಿ ಬಾವುಟ ಹಾರಿಸಿ ನೇರ ಹೋಟೆಲಿಗೆ ಹೋದೆ, ಒಬ್ಬಳೇ. ಸೆರಗಿನಡಿ ನಿಂಬೆ ಉಪ್ಪಿನಕಾಯಿ ಡಬ್ಬಿ ಇತ್ತು. ಮುಚ್ಚಳ ತೆಗೆಯುವುದಕ್ಕೂ ಶಬ್ನಮ್ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಅಲ್ಲಿ ನಿಮ್ಮ ಬೀಗಿತ್ತಿ ಮುಂದೇನೂ ಹಿಂಗೇ ಡಬ್ಬಿ ತೆಗೀತೀರ?"

ನನ್ನ ವಿಚಾರ ಇವಳಿಗೆ ಹೇಗೆ ಗೊತ್ತಾಯಿತು? ಜೀಪಿನವರ ಬಾಯಿ. ಘಾಟಿಯ ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ ಸಾರಿಬಿಟ್ಟಿದ್ದಾರೆ. ಡಬ್ಬಿ ಮುಚ್ಚಿದೆ.

ಅವಳು ಒಳಗೆ ಹೋಗಿ ಒಂದು ಬಟ್ಟಲು ಗಂಜಿ ತಂದಳು. ಗೆಣಸು ಹಾಕಿ ಬೇಯಿಸಿದ ಅಕ್ಕಿ ಗಂಜಿ, ಪಕ್ಕದಲ್ಲಿ ಉಪ್ಪುಮೂಲಂಗಿ ಹಾಕಿ ಹುರಿದ ಮೊಟ್ಟೆ, ನಾಲ್ಕು ಕಡಲೇಬೀಜ. "ಹೊಸಬ್ರಿಗೆ ಮೊದಲ ದಿನಾನೇ ದೊಡ್ಡ ಕೆಲ್ಸ ಕೊಡ್ತೀರ ನೀವು ಎಸ್ಟೇಟಲ್ಲಿ? ಇದ್ರಿಂದ ಶುರು ಮಾಡಿ" ಅಂದಳು.

ಮಾತು ಸರಿ. ಗಂಜಿ ಎಂದಮೇಲೆ ಗಂಜಿಯೇ. ಎಂಟು ಚಮಚ ಇಳಿಯಿತು. ಮೊಟ್ಟೆ ಮುಟ್ಟಲಿಲ್ಲ.

ಫೆಬ್ರವರಿ 4. ಮಂಗಳವಾರ

ರೊಬಸ್ಟಾ ಕೊಯ್ಲು ಜೋರು, ಬರೆಯಲು ಪುರುಸೊತ್ತಿಲ್ಲ. ಗಂಜಿ ಪೂರ್ತಿ. ಮೂಲಂಗಿ ಮೊಟ್ಟೆ ಅರ್ಧ. ಚಕ್ರಮೊಗ್ಗು ಇನ್ನೂ ಆಗಿಬರುತ್ತಿಲ್ಲ.

ಫೆಬ್ರವರಿ 9. ಭಾನುವಾರ

ಇವತ್ತು ವಾಗುಯಿ. ಅಕ್ಕಿ ರುಬ್ಬಿ ಬಟ್ಟಲಲ್ಲಿ ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ, ಮೇಲೆ ಬೆಳ್ಳುಳ್ಳಿ ರಸ. ತೈನಾನ್‌ನವರ ಬೆಳಗಿನ ತಿಂಡಿಯಂತೆ. ಇದು ಕಡುಬು ಅಲ್ಲದೆ ಮತ್ತೇನು? ಆದರೆ ಅಕ್ಕಿ ಸರಿಯಾಗಿ ನೆನೆದಿರಲಿಲ್ಲ. ಅದನ್ನು ಅಫ್ರೋಜನಿಗೆ ಹೇಳಿದೆ. ಮೂರು ಬಾರಿ ತೊಳೆದು ರಾತ್ರಿ ನೆನೆಹಾಕು, ಆಗ ನುಣ್ಣಗೆ ಬರುತ್ತದೆ ಅಂತ ತಿಳಿಸಿ ಬಂದೆ. ತಟ್ಟೆ ಖಾಲಿಯಾಗಿತ್ತು ಎಂದು ಇವರು ಹೇಳಿದರು. ನಾನು ಅಕ್ಕಿಯ ವಿಚಾರದಲ್ಲಿದ್ದೆ, ಗಮನಿಸಲಿಲ್ಲ.

ಫೆಬ್ರವರಿ 16. ಭಾನುವಾರ

ಇವತ್ತಿನದನ್ನು ಬಿಡದೆ ಬರೆಯುತ್ತೇನೆ.

ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಶಬ್ನಮ್ ಅಕ್ಕಿಹಿಟ್ಟು ನಾದಿ ಗೋಲಿ ಗಾತ್ರದ ಉಂಡೆ ಕಟ್ಟುತ್ತ ಕೂತಿದ್ದಳು. ಅರ್ಧ ಬಿಳಿ, ಅರ್ಧ ಕೆಂಪು. ನೋಡಿದ ಕೂಡಲೇ ಗುರುತು ಸಿಕ್ಕಿತು. ಮದುವೆಯ ಮಾರನೇ ದಿನ ಬೀಗಿತ್ತಿ ನನ್ನ ಮುಂದೆ ಇಟ್ಟ ಬಟ್ಟಲಲ್ಲಿ ಇದ್ದದ್ದು ಇದೇ. ಅವರ ಹೆಸರು ಶೂಚಿನ್, ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರಿಳಿದಿದ್ದ ಹೋಂಸ್ಟೇಯ ಅಡಿಗೆಮನೆ ಕೇಳಿ ಪಡೆದು, ಊರಿಂದ ಹೊತ್ತು ತಂದಿದ್ದ ಹಿಟ್ಟಿನಲ್ಲಿ ಬೆಳಿಗ್ಗೆಯಿಂದ ನಿಂತು ಮಾಡಿದ್ದರು. ನಾನು "ನನಗೆ ಹಸಿವಿಲ್ಲ" ಅಂದೆ. ಅವರು ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ ಸಂಜೆಯವರೆಗೂ ಇಟ್ಟುಕೊಂಡಿದ್ದರು. ನಾವು ಹೊರಡುವಾಗ ಹಿಂದಿನ ಬಾಗಿಲಿಂದ ಚೆಲ್ಲಿದ್ದನ್ನು ನೋಡಿದ್ದೆ.

"ಇದೇನು ಹಬ್ಬದ್ದಾ?" ಅಂತ ಕೇಳಿದೆ.

"ತಾಂಗ್ಯುವಾನ್ ಅಕ್ಕಾ. ಗೆಸ್ಟ್‌ಹೌಸಲ್ಲಿ ಯಾರದ್ದಾದ್ರೂ ಮದುವೆ ಆದ್ರೆ ಆಮಾ ಮಾಡೋರು. ಆಮಾ ಅಂದ್ರೆ ಅಜ್ಜಿ, ನಮಗೆ ಅಡಿಗೆ ಕಲಿಸ್ದೋರು. ಎರಡೂ ಮನೆಯೋರು ಕೂತು ಇದನ್ನ ತಿನ್ಬೇಕು. ತಿಂದ್ರೆ ಒಂದಾದ್ರು ಅಂತ."

"ತಿನ್ನದಿದ್ರೆ?"

ಅವಳು ಉಂಡೆ ಕಟ್ಟುವುದನ್ನು ನಿಲ್ಲಿಸಿದಳು. "ಯಾರಾದ್ರೂ ತಿನ್ನದೆ ಇರ್ತಾರ?"

ಅದು ಅವರ ಬೀಗರೂಟ. ನಾನು ಎಲೆ ಬಿಟ್ಟು ಎದ್ದುಬಂದಿದ್ದೆ.

ಹಾಗಾದರೆ ಆ ಕಥೆಯನ್ನೂ ಈಗ ಬರೆಯಬೇಕು. ನನ್ನ ಮದುವೆಯ ಬೀಗರೂಟದಲ್ಲಿ ನಮ್ಮ ತವರಿನವರನ್ನು ಕೊನೆಯ ಪಂಕ್ತಿಗೆ ಕೂರಿಸಿದರು. ಅಷ್ಟರಲ್ಲಿ ಮಾಂಸ ಮುಗಿದು ಬರೀ ಸಾರು ಉಳಿದಿತ್ತು. ನಮ್ಮಪ್ಪ ಎಲೆ ಮಡಚಿ ಎದ್ದರು. "ಇವತ್ತಿಂದ ನಮ್ಮೋರ್ಯಾರೂ ಈ ಮನೆ ನೀರು ಮುಟ್ಟಕೂಡ್ದು" ಅಂದರು. ನಮ್ಮ ಕಡೆ ಒಂದು ಮನೆಯ ಅನ್ನನೀರು ಬಿಟ್ಟರೆ ಬಿಟ್ಟ ಹಾಗೆಯೇ. ಎರಡು ವರ್ಷಕ್ಕೆ ಹೇಮಶ್ರೀ ಹುಟ್ಟಿದಾಗ ಅಮ್ಮ ವನಗೂರಿನಿಂದ ಬಾಣಂತಿ ಲೇಹ್ಯ, ಮೆಣಸು, ಬೆಳ್ಳುಳ್ಳಿ ಗಂಟು ಕಟ್ಟಿಕೊಂಡು ಬಂದಳು. ಬಿರುಬಿಸಿಲು. ಮಗುವನ್ನು ಎತ್ತಿಕೊಂಡಳು, ನನ್ನ ತಲೆ ಸವರಿದಳು. ನಮ್ಮತ್ತೆ ಒಂದು ಲೋಟ ನೀರು ತಂದಿಟ್ಟರು. ಅಮ್ಮ ಲೋಟದ ಕಡೆ ನೋಡಿದಳು, ಕುಡಿಯಲಿಲ್ಲ. ನೀರು ಮುಟ್ಟದ ಮನೆಯಲ್ಲಿ ರಾತ್ರಿ ಉಳಿಯುವುದು ಹೇಗೆ? ಮೂರು ಗಂಟೆ ಬಸ್ಸಿಗೆ ಹೊರಟುಹೋದಳು. ನನಗಾಗ ಇಪ್ಪತ್ತಮೂರು. ಆ ಲೋಟ ನನ್ನ ಮಂಚದ ಪಕ್ಕದಲ್ಲೇ ಇತ್ತು. ಮುಂದಿನ ವರ್ಷ ಅಮ್ಮ ತೀರಿಕೊಂಡಳು.

ನನ್ನ ಮಗಳಿಗೆ ಹಾಗಾಗಬಾರದು ಎಂದು ಮೂವತ್ತಮೂರು ವರ್ಷದಿಂದ ಅಂದುಕೊಂಡು ಬಂದವಳು, ಅಮ್ಮ ಮಾಡಿದ್ದನ್ನೇ ಮಾಡಿದ್ದೇನೆ. ಅಮ್ಮನಿಗಾದರೂ ಅಪ್ಪನ ಮಾತಿನ ಕಟ್ಟು ಇತ್ತು. ನನಗೇನಿತ್ತು? ನಾಚಿಕೆಯಾಗುತ್ತಿದೆ.

ಶಬ್ನಮ್ ಉಂಡೆ ಬೇಯಿಸಿ ಕೊಟ್ಟಾಗ ತಿನ್ನಲಿಲ್ಲ. ಈ ಸಲ ಬೇರೆ ಕಾರಣಕ್ಕೆ. ಅದನ್ನು ನಾನು ಮೊದಲು ತಿನ್ನಬೇಕಾದದ್ದು ಇಲ್ಲಿ ಅಲ್ಲ.

ಫೆಬ್ರವರಿ 25. ಮಂಗಳವಾರ

ಲೂರೋಫಾನ್, ಹತ್ತು ತುತ್ತು. ಕಣ್ಣು ಮುಚ್ಚಿಕೊಂಡು ತಿಂದೆ. ಉಗುಳಲಿಲ್ಲ.

ಮಾರ್ಚ್ 4. ಮಂಗಳವಾರ

ರಂಜಾನ್ ಶುರುವಾಗಿದೆ. ಒಂದು ತಿಂಗಳು ಹೋಟೆಲು ಮುಚ್ಚಿಬಿಟ್ಟರೆ ನನ್ನ ಕಲಿಕೆ ನಿಂತುಹೋಗುತ್ತದೆ ಎಂಬ ದಿಗಿಲಿನಿಂದಲೇ ಹೋದೆ. ಮುಚ್ಚಿರಲಿಲ್ಲ. ಘಾಟಿ ಹತ್ತಿ ಬರುವವರು ಎಲ್ಲಿ ಉಣ್ಣಬೇಕು ಎಂದು ಮಧ್ಯಾಹ್ನದ ಊಟ ಇಟ್ಟಿದ್ದಾರೆ. ಗಂಡ ಹೆಂಡತಿ ಇಬ್ಬರೂ ಉಪವಾಸ.

ಶಬ್ನಮ್ ಸೌಟು ಹಿಡಿದು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ಒಳಗೆ ಬನ್ನಿ ಒಂದ್ನಿಮಿಷ. ಇದಕ್ಕೆ ಉಪ್ಪು ಸರಿಯೈತಾ ನೋಡಿ."

"ನಾನಾ?"

"ನಾಲಗೆ ಮೇಲಿಟ್ಟು ಉಗುದ್ರೆ ತೊಂದ್ರೆ ಇಲ್ಲ ಅಂತಾರೆ ಕೆಲವ್ರು. ನಂಗೆ ಮನಸ್ಸು ಬರಲ್ಲ. ಹೋದ ವರ್ಷ ಗಂಗಾಮಣಿ ನೋಡ್ತಿದ್ಲು. ಎಲೆಅಡಿಕೆ ಜಗಿದೂ ಜಗಿದೂ ಅವಳ ನಾಲಗೆಗೆ ಈಗ ಉಪ್ಪೂ ಒಂದೇ ಸಕ್ರೇನೂ ಒಂದೇ."

ಪಾತ್ರೆ ತೊಳೆಯುತ್ತಿದ್ದ ಗಂಗಾಮಣಿ ಅಲ್ಲಿಂದಲೇ, "ಹೂಂ ಕಣಕ್ಕ, ನನ್ನ ನಂಬಬ್ಯಾಡಿ" ಅಂದಳು.

ಸೌಟಿನಿಂದ ಅಂಗೈಗೆ ಹಾಕಿಸಿಕೊಂಡು ನೆಕ್ಕಿದೆ. ಉಪ್ಪು ಕಮ್ಮಿ ಇತ್ತು, ಹೇಳಿದೆ. ಹಾಕಿದಳು, ಮತ್ತೆ ನೋಡಿದೆ, ಸರಿಯಾಗಿತ್ತು. ನಾಲ್ಕು ಪಾತ್ರೆ ಆಯಿತು. ನಾಳೆಯೂ ಹನ್ನೊಂದೂವರೆಗೆ ಬನ್ನಿ ಅಂದಳು. ಒಬ್ಬರು ಉಪವಾಸವಿದ್ದು ಕೇಳುವಾಗ ಇಲ್ಲ ಎನ್ನುವುದು ಹೇಗೆ?

ಮಾರ್ಚ್ 13. ಗುರುವಾರ

ನಿನ್ನೆ ಕಾಫಿ ಹೂವರಳಿಸುವ ಹೂಮಳೆ ಬಿತ್ತು. ಎಸ್ಟೇಟಿನಲ್ಲಿ ಎಲ್ಲರ ಮುಖ ಅರಳಿದೆ.

ಹೋಟೆಲಿನಲ್ಲಿ ಅಫ್ರೋಜ್ ಸೋಯಾ ರಸ ಮಿತಿಮೀರಿ ಸುರಿದುಬಿಟ್ಟಿದ್ದ. ಹೀಗಾದರೆ ಮಾಂಸದ ರುಚಿ ಎಲ್ಲಿ ಉಳಿಯಿತು, ಸ್ವಲ್ಪ ಬೆಲ್ಲ ಹಾಕಿ ಕುದಿಸು ಅಂದೆ. ಚಕ್ರಮೊಗ್ಗೂ ಒಂದು ಸಾಲದು, ಆ ಪಾತ್ರೆಗೆ ಎರಡು ಬೇಕು. ಮೊಟ್ಟೆಯನ್ನು ಹಿಂದಿನ ದಿನವೇ ರಸದಲ್ಲಿ ಹಾಕಿಡದಿದ್ದರೆ ಒಳಗಿನವರೆಗೆ ಬಣ್ಣ ಇಳಿಯುವುದಿಲ್ಲ. ಇಷ್ಟು ವರ್ಷ ನಡೆಸಿದ್ದಾರೆ, ಇದನ್ನೆಲ್ಲ ನಾನು ಹೇಳಿಕೊಡಬೇಕು.

ಎಸ್ಟೇಟ್ ಸ್ಟೋರಿನ ಪ್ರದೀಪ್ ಬಂದಿದ್ದ. "ರೈಟ್ರಮ್ಮ, ಡಬ್ಬಿ ಎಲ್ಲಿ?" ಅಂದ. ಡಬ್ಬಿ ತರುವುದನ್ನು ಯಾವತ್ತು ಬಿಟ್ಟೆ ಎಂದು ಯೋಚಿಸಿದರೆ ನೆನಪಾಗಲಿಲ್ಲ. ಅವನಿಗೆ ಬೇಕಾದ ವಿಷಯವೂ ಅಲ್ಲ.

ಮಾರ್ಚ್ 23. ಭಾನುವಾರ

ಹೋಟೆಲಿನಲ್ಲೇ ಕೂತು ಹೇಮಶ್ರೀಗೆ ವಿಡಿಯೋ ಕರೆ ಮಾಡಿದೆ. ಇವರು ಮೊಬೈಲು ಹಿಡಿದುಕೊಂಡಿದ್ದರು. ಲೂರೋಫಾನ್ ಒಂದು ತಟ್ಟೆ ಪೂರ್ತಿ, ಅವಳು ನೋಡುತ್ತಿದ್ದ ಹಾಗೆಯೇ ತಿಂದೆ. ಕೊನೆಗೆ ತಟ್ಟೆ ಎತ್ತಿ ತೋರಿಸಿದೆ.

"ಅಮ್ಮಾ! ನಿಜವಾಗ್ಲೂ ನುಂಗಿದ್ಯಾ? ಬಾಯಿ ತೆಗಿ ನೋಡಾನ!"

ಬಾಯಿ ತೆರೆದು ತೋರಿಸಿದೆ. ಲಾರಿಯವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಹಾಗಾದರೆ ಟಿಕೆಟ್ ಮಾಡು ಅಂದೆ. ನಾನು ಬರುವಾಗ ಏನೇನು ತರುತ್ತೇನೆಂದೂ ಹೇಳಿದೆ. ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ. ದಿನಾ ಎಣ್ಣೆ ತಿಕ್ಕಿ, ಹಂಡೆ ಸಿಗದಿದ್ದರೆ ಬಕೆಟ್ಟಿನಲ್ಲಾದರೂ ಕುದಿನೀರು ಹಾಕುತ್ತೇನೆ ಅಂದೆ.

ಅವಳ ನಗು ನಿಂತಿತು.

"ಅದೇ ಅಮ್ಮಾ... ಇಲ್ಲಿ ಬಾಣಂತಿ ತಲೆಗೆ ಒಂದು ತಿಂಗ್ಳು ನೀರೇ ಮುಟ್ಟಿಸಲ್ಲ. ಶೀತ ಹಿಡಿಯುತ್ತೆ ಅಂತ ಅತ್ತೆ ಹೆದರ್ತಾರೆ. ನೀನು ಬಕೆಟ್ ಹಿಡ್ಕೊಂಡು ನಿಂತ್ರೆ, ಅವರು ಬಾಗ್ಲಲ್ಲಿ ಅಡ್ಡ ನಿಂತ್ರೆ, ನಾನು ಮಗು ಎತ್ಕೊಂಡು ಎಲ್ಲಿಗೆ ಹೋಗ್ಲಿ? ಊಟದ್ದು ಬಿಡು. ನಂಗೆ ಹೆದ್ರಿಕೆ ಇದ್ದಿದ್ದೇ ಇದಕ್ಕೆ."

ತಲೆಗೆ ನೀರು ಹಾಕದ ಬಾಣಂತನ ಯಾವ ಬಾಣಂತನ? ಬಾಣಂತಿಗೆ ನೀರು ಹಾಕಲಾರದ ಮೇಲೆ ತಾಯಿ ಅಂತ ಅಲ್ಲಿಗೆ ಹೋಗಿ ಏನು ಮಾಡಬೇಕು? ಗೋಡೆಗೆ ಒರಗಿ ಕೂರಬೇಕೆ? ಎರಡು ತಿಂಗಳು ಕಣ್ಣು ಮುಚ್ಚಿ ನುಂಗಿ ಕಲಿತದ್ದೆಲ್ಲ ಇದಕ್ಕೇನು? ಫೋನ್ ಇಟ್ಟುಬಿಟ್ಟೆ. ವಾಪಸು ಬರುವಾಗ ಇವರು ದಾರಿಯನ್ನೇ ನೋಡಿ ಜೀಪು ಓಡಿಸಿದರು, ಬುದ್ಧಿವಂತರು. ನನಗೆ ಅಳು ಬರುವ ಹಾಗಾಗಿದೆ. ಬರೆದರೂ ಸಿಟ್ಟು ಇಳಿಯುತ್ತಿಲ್ಲ.

ಮಾರ್ಚ್ 24. ಸೋಮವಾರ

ಹೋಟೆಲಿಗೆ ಹೋಗಲಿಲ್ಲ.

ಮಾರ್ಚ್ 25. ಮಂಗಳವಾರ

ಬೆಳಿಗ್ಗೆ ಹಾಜರಿ ಕೂಗುತ್ತಿದ್ದಾಗ ಶಬ್ನಮ್ ಬಿಸಿಲಲ್ಲಿ ನಡೆದು ಎಸ್ಟೇಟ್ ಗೇಟಿಗೇ ಬಂದುಬಿಟ್ಟಳು. ಉಪವಾಸದ ಮುಖ ಬಾಡಿತ್ತು.

"ನಿನ್ನೆ ಬರ್ಲಿಲ್ಲ ನೀವು. ಅಂದಾಜಲ್ಲಿ ಹಾಕ್ಬುಟ್ಟೆ. ಮಂಗ್ಳೂರಿನ ಲಾರಿಯೋರು ಅರ್ಧಕ್ಕೆ ಬಿಟ್ಟು ಎದ್ದೋದ್ರು, ಅಷ್ಟು ಉಪ್ಪು."

ಇವರಿಂದ ಎಲ್ಲ ಕೇಳಿ ತಿಳಿದುಕೊಂಡೇ ಬಂದಿದ್ದಳು. ಹಾಜರಿ ಮುಗಿಸಿ ಅವಳ ಜೊತೆ ಹೋಟೆಲಿಗೆ ಹೊರಟೆ. ದಾರಿಯಲ್ಲಿ ತನ್ನ ವಿಚಾರ ಹೇಳಿದಳು. ಅವಳ ಮಗಳು ಹುಟ್ಟಿದ್ದು ಆ ಕಾರ್ಖಾನೆ ಊರಿನಲ್ಲಿ. ಅಮ್ಮನಿಗೆ ಕಾಲು ಮುರಿದಿತ್ತು, ಅತ್ತೆ ಇರಲಿಲ್ಲ. ಆಮಾ ದಿನಾ ಎಳ್ಳೆಣ್ಣೆಯಲ್ಲಿ ಶುಂಠಿ ಹುರಿದು ಕೋಳಿ ಬೇಯಿಸಿ ಮೂವತ್ತು ದಿನ ತಂದುಕೊಟ್ಟರಂತೆ. ಅದಕ್ಕೆ ಅಕ್ಕಿಯ ಸಾರಾಯಿ ಹಾಕುವುದು ಅವರ ಪದ್ಧತಿ. ಹಾಕದಿದ್ದರೆ ಬಾಣಂತಿಗೆ ಬಲ ಬರುವುದಿಲ್ಲ ಎಂದು ಗಟ್ಟಿಯಾಗಿ ನಂಬಿದವರು, ಶಬ್ನಮ್‌ಗೆ ಅದು ಆಗದು ಎಂದು ತಿಳಿದ ಮೇಲೆ ಒಂದು ಹನಿ ಹಾಕಲಿಲ್ಲ.

"ಸರಿಯಾಗಿ ಮಾಡ್ಲಿಲ್ಲ, ಸರಿಯಾಗಿ ಮಾಡ್ಲಿಲ್ಲ ಅಂತ ದಿನಾ ಗೊಣಗ್ಕೊಂಡೇ ತರೋರು ಅಕ್ಕಾ. ಆದ್ರೆ ಒಂದು ದಿನಾನೂ ತಪ್ಪಿಸ್ಲಿಲ್ಲ."

ನಮ್ಮಮ್ಮ ಮಾತು ಉಳಿಸಿಕೊಂಡಳು, ನನ್ನನ್ನು ಬಿಟ್ಟು ಹೋದಳು. ಆ ಮಧ್ಯಾಹ್ನ ನಾನು ಮಲಗಿದಲ್ಲಿಂದ ಬೇಡಿಕೊಂಡಿದ್ದು ಬಿಸಿನೀರಲ್ಲ, ಲೇಹ್ಯ ಅಲ್ಲ. ಇರು ಅಂತ ಅಷ್ಟೇ.

ಮೂರು ಪಾತ್ರೆಯ ಉಪ್ಪು ನೋಡಿ, ಅಲ್ಲಿಂದಲೇ ಹೇಮಶ್ರೀಗೆ ಮೊಬೈಲಿನಲ್ಲಿ ಧ್ವನಿ ಸಂದೇಶ ಕಳಿಸಿದೆ. "ನೀರು ನಾನು ಹಾಕಲ್ಲ. ತಲೆಗೂ ಇಲ್ಲ, ಕಾಲಿಗೂ ಇಲ್ಲ. ಅವರು ಹೆಂಗೆ ಹೇಳ್ತಾರೋ ಹಂಗೆ. ನಾನು ಸುಮ್ನೆ ನಿನ್ ಪಕ್ಕ ಇರ್ತೀನಿ, ಅವರು ಹಾಕಿದ್ದನ್ನ ತಿಂತೀನಿ. ಟಿಕೆಟ್ ಮಾಡು."

ಹತ್ತು ನಿಮಿಷಕ್ಕೆ ಟಿಕೆಟ್ ಬಂತು. ಅವಳು ಅದನ್ನು ಮೊದಲೇ ನೋಡಿಟ್ಟುಕೊಂಡಿದ್ದಳು ಅನ್ನಿಸುತ್ತದೆ.

ಮಾರ್ಚ್ 31. ಸೋಮವಾರ

ಈದ್. ಹೋಟೆಲಿಗೆ ರಜೆ, ನಮಗೆ ಅಲ್ಲಿಯೇ ಊಟ. ಬಿರಿಯಾನಿಯ ಜೊತೆಗೆ ನನಗೋಸ್ಕರ ಎಳ್ಳೆಣ್ಣೆ ಕೋಳಿಯನ್ನೂ ಮಾಡಿದ್ದಳು, ಸಾರಾಯಿ ಇಲ್ಲದ್ದು. ನಮ್ಮತ್ತೆ ಬಾಣಂತನದಲ್ಲಿ ನನಗೆ ದಿನಾ ಸಂಜೆ ಒಂದು ಮುಚ್ಚಳ ಬ್ರಾಂದಿ ಕುಡಿಸುತ್ತಿದ್ದದ್ದನ್ನು ಹೇಳಿದೆ. ಶಬ್ನಮ್ ಬಾಯಿ ಮುಚ್ಚಿಕೊಂಡು ನಕ್ಕಳು.

ಇವತ್ತು ಅವಳೇ ಉಪ್ಪು ನೋಡಬಹುದಿತ್ತು. ಆದರೂ ಸೌ‌ಟು ನನ್ನ ಕಡೆಗೇ ಬಂತು. ನೋಡಿದೆ. ಸರಿಯಾಗಿತ್ತು.

ಅವರ ಭಾಷೆಯಲ್ಲಿ ಒಂದೇ ಒಂದು ಮಾತು ಕಲಿಸಿಕೊಡು ಅಂತ ಕೇಳಿದೆ. ನಮಸ್ಕಾರ, ಧನ್ಯವಾದ ಏನೋ ಬೇಕಾಗಿರಬೇಕು ಎಂದುಕೊಂಡಳು. ಅದಲ್ಲ ಎಂದು ಯಾವುದು ಬೇಕೆಂದು ಹೇಳಿದೆ. ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಎದುರು ಬಂದು ಕೂತಳು. ಆಮೇಲೆ ಇಪ್ಪತ್ತು ಸಲ ಹೇಳಿಸಿದಳು.

ಏಪ್ರಿಲ್ 24. ಗುರುವಾರ

ನಾಳೆ ಹೊರಡುವುದು. ಧಣಿಗಳು ಎರಡು ತಿಂಗಳ ರಜೆ ಕೊಟ್ಟರು. ಹಾಜರಿ ಪ್ರದೀಪ್ ಬರೆಯುತ್ತಾನೆ, ಅವನ ಅಕ್ಷರ ದೇವರಿಗೇ ಪ್ರೀತಿ.

ಸೀಗೆಪುಡಿ, ಸಾಂಬ್ರಾಣಿ ಪೆಟ್ಟಿಗೆಯಿಂದ ತೆಗೆದೆ. ಮತ್ತೆ ಇಟ್ಟೆ. ಮತ್ತೆ ತೆಗೆದು, ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈ ಇವರ ಕೈಗೆ ಕೊಟ್ಟೆ. ಉಪ್ಪಿನಕಾಯಿ ಒಂದೂ ಇಟ್ಟಿಲ್ಲ. "ನಿನ್ನನ್ನ ಮದುವೆಯಾಗಿ ಮೂವತ್ತೈದು ವರ್ಷ ಆಯ್ತು, ಇವಳ್ಯಾರೋ ಗೊತ್ತಾಗ್ತಿಲ್ಲ ಕಣೇ" ಅಂದರು ಇವರು. ಅವರಿಗೆ ತಮಾಷೆ ಮಾಡದಿದ್ದರೆ ಉಂಡದ್ದು ಅರಗುವುದಿಲ್ಲ. ನಾನು ಇದ್ದ ಹಾಗೇ ಇದ್ದೇನೆ.

ಹೋಟೆಲಿಗೆ ಹೋಗಿ ಹೇಳಿ ಬಂದೆ. ನಮ್ಮ ಹೋಟೆಲಿಗೆ ಎರಡು ತಿಂಗಳು ಯಾರು ಉಪ್ಪು ನೋಡುತ್ತಾರೋ.

ಏಪ್ರಿಲ್ 27. ಭಾನುವಾರ. ತೈನಾನ್

ಇವತ್ತಿನ ಹಾಜರಿ ಬರೆಯದೆ ಮಲಗುವುದಿಲ್ಲ.

ಬಾಗಿಲು ತೆರೆದವರು ಬೀಗಿತ್ತಿಯೇ. ಹಿಂದೆ ತುಂಬಿದ ಬಸುರಿ ಹೇಮಶ್ರೀ, ನನ್ನನ್ನೂ ಅವರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡುತ್ತ ನಿಂತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು. ಬೀಗಿತ್ತಿ ತಲೆ ಬಾಗಿಸಿದರು. ನಾನೂ ಬಾಗಿಸಿದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಮೊದಲೇ, ಇಪ್ಪತ್ತು ಸಲ ಹೇಳಿ ಕಲಿತದ್ದನ್ನು ಅವರ ಮುಖ ನೋಡಿ ಹೇಳಿದೆ.

"ವೋ ಅ ಲ."

ನನಗೆ ಹಸಿವಾಗಿದೆ.

ಅವರು ಹೇಮಶ್ರೀಯ ಕಡೆ ತಿರುಗಿದರು. ಹೇಮಶ್ರೀ ಬಾಯಿಗೆ ಕೈ ಅಡ್ಡ ಹಿಡಿದಳು. ಸರಿಯಾಗಿ ಹೇಳಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿ, ಎರಡು ಅಂಗೈ ಉಜ್ಜಿ ಉಂಡೆ ಕಟ್ಟುವ ಹಾಗೆ ಮಾಡಿ ತೋರಿಸಿದೆ. "ತಾಂಗ್ಯುವಾನ್" ಅಂದೆ.

ಬೀಗಿತ್ತಿಯ ಕಣ್ಣು ತುಂಬಿತು. ನನ್ನ ಮೊಣಕೈ ಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದರು. ಹಿಟ್ಟಿನ ಪೊಟ್ಟಣ ಬಿಚ್ಚಿದರು. ಒಂದು ಮುದ್ದೆ ನನ್ನ ಮುಂದೆ, ಒಂದು ಅವರ ಮುಂದೆ. ಇಬ್ಬರೂ ನಿಂತು ಉಂಡೆ ಕಟ್ಟಿದೆವು. ನನ್ನವು ಸ್ವಲ್ಪ ದೊಡ್ಡದಾದವು, ಅವರು ಒಂದನ್ನೂ ತಿದ್ದಲಿಲ್ಲ. ಉಂಡೆ ಬಿಡುವ ಸಿಹಿ ಪಾಕ ಕುದಿಯುವಾಗ ಸೌಟಿನಲ್ಲಿ ತೆಗೆದು, ಊದಿ ಆರಿಸಿ, ನನ್ನ ಕಡೆ ಚಾಚಿದರು. ಅಂಗೈಗೆ ಹಾಕಿಸಿಕೊಂಡು ನೋಡಿದೆ. ಇನ್ನೊಂದು ಚೂರು ಸಿಹಿ ಬೇಕಿತ್ತು, ಕೈಸನ್ನೆ ಮಾಡಿದೆ. ಹಾಕಿದರು.

ಆರು ಉಂಡೆ ತಿಂದೆ. ಇನ್ನೂ ಎರಡು ಕೇಳಿ ಹಾಕಿಸಿಕೊಂಡೆ. ಆಮೇಲೆ ಒಂದು ಲೋಟ ನೀರು ಕೇಳಿ, ಆ ಮನೆಯಲ್ಲಿ ಕೂತು ಪೂರ್ತಿ ಕುಡಿದೆ.